ಕನ್ನಡ ಶಾಲೆಯ ಶಿಕ್ಷಕರಿಗೆ ಒದಗುವ ಆಕರಗಳು: ಅಚ್ಚಿನಲ್ಲಿ, ಅಂತರಜಾಲದಲ್ಲಿ



ತರಗತಿಯಲ್ಲಿ ಶಿಕ್ಷಕರ ಕೈಗೆ ಒದಗುವ ಆಕರಗಳನ್ನು ಅಚ್ಚಾದವು, ಅಂತರಜಾಲದಲ್ಲಿ ಸಿಗುವವು ಎಂದು ಎರಡಾಗಿ ವಿಂಗಡಿಸುವುದು ರೂಢಿ. ಈ ಗೆರೆ ಈಗ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಪಠ್ಯಪುಸ್ತಕದ ಪುಟದಲ್ಲೇ ಮೊಬೈಲಿನಿಂದ ಸ್ಕ್ಯಾನ್ ಮಾಡುವ ಕ್ಯೂಆರ್ ಚೌಕವಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಜಾಲದಿಂದ ಇಳಿಸಿಕೊಂಡ ಕಥೆ ಜೆರಾಕ್ಸ್ ಅಂಗಡಿಯಲ್ಲಿ ಮತ್ತೆ ಕಾಗದವಾಗಿ ಮಕ್ಕಳ ಕೈ ಸೇರುತ್ತದೆ. ಆದ್ದರಿಂದ ಒಂದು ಆಕರ ಎಲ್ಲಿಂದ ಬಂತು ಎಂಬುದಕ್ಕಿಂತ, ಶಿಕ್ಷಕರು ಅದನ್ನು ತಮ್ಮ ತರಗತಿಯ ಅಳತೆಗೆ ಕತ್ತರಿಸಿ ಹೊಲಿದುಕೊಳ್ಳಲು ಬರುತ್ತದೆಯೇ ಎಂಬುದೇ ಹೆಚ್ಚು ಮುಖ್ಯವಾಗುತ್ತದೆ. ಪೀರಿಯಡ್ಡು ಇರುವುದು ನಲವತ್ತು ನಿಮಿಷ. ಹಾಜರಿ, ನೋಟ್‌ಬುಕ್ಕು, ಹಿಂದಿನ ದಿನದ ಪಾಠದ ನೆನಪು ಇವೆಲ್ಲ ಕಳೆದು ಉಳಿಯುವ ಇಪ್ಪತ್ತೈದು ಮೂವತ್ತು ನಿಮಿಷಗಳಲ್ಲಿ ಒದಗದ ಆಕರ ಎಷ್ಟೇ ಅಂದವಾಗಿದ್ದರೂ ಬೀರುವಿನಲ್ಲಿಯೇ ಉಳಿಯುತ್ತದೆ.

ಈ ಉಪನ್ಯಾಸದ ವ್ಯಾಪ್ತಿ ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳು, ಅದರಲ್ಲೂ ಹಿರಿಯ ಪ್ರಾಥಮಿಕ ಮತ್ತು ಪ್ರೌಢ ತರಗತಿಗಳು. ಮೊದಲು ಅಚ್ಚಿನ ಆಕರಗಳು, ಆಮೇಲೆ ಜಾಲದ ಭಂಡಾರಗಳು, ಅನಂತರ ಊರಿನ ಇತಿಹಾಸಕ್ಕೆ ಸಂಬಂಧಿಸಿದವು, ಕೊನೆಗೆ ಶಿಕ್ಷಕರು ತಾವೇ ತಯಾರಿಸಿ ಹಂಚಿಕೊಳ್ಳುವ ಸಾಮಗ್ರಿ ಮತ್ತು ಅದಕ್ಕೆ ಅಂಟಿಕೊಂಡ ಹಕ್ಕು, ಲಿಪಿಗಳ ತೊಡಕು ಎಂಬ ಕ್ರಮದಲ್ಲಿ ವಿಷಯ ಸಾಗುತ್ತದೆ. ಸಿಗುವುದನ್ನೆಲ್ಲ ಪಟ್ಟಿ ಮಾಡುವುದು ಇಲ್ಲಿನ ಉದ್ದೇಶವಲ್ಲ. ಅಂಥ ಪಟ್ಟಿಗಳು ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ದಿನವೂ ಬಂದು ಬೀಳುತ್ತವೆ.

ಅಚ್ಚಿನ ಆಕರಗಳಲ್ಲಿ ಮೊದಲನೆಯದು ಪಠ್ಯಪುಸ್ತಕ. ಅದನ್ನು ಆಕರವೆಂದು ಎಣಿಸುವುದೇ ಕಡಿಮೆ, ಏಕೆಂದರೆ ಅದು ಕೈಯಲ್ಲೇ ಇರುತ್ತದೆ. ಆದರೆ ಕೈಯಲ್ಲಿರುವುದು ತಮ್ಮ ತರಗತಿಯ ಪುಸ್ತಕ ಮಾತ್ರ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಗಳ, ಹಲವು ಮಾಧ್ಯಮಗಳ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಜೂನ್ ತಿಂಗಳ ಸೇತುಬಂಧದ ಹೊತ್ತಿನಲ್ಲಿ ಏಳನೆಯ ತರಗತಿಯ ಗಣಿತ ಶಿಕ್ಷಕರಿಗೆ ನಿಜವಾಗಿ ಬೇಕಾಗುವುದು ಐದು ಮತ್ತು ಆರನೆಯ ತರಗತಿಯ ಪುಸ್ತಕಗಳು: ಭಿನ್ನರಾಶಿಯನ್ನು ಮಕ್ಕಳು ಮೊದಲು ಯಾವ ಚಿತ್ರದ ಮೂಲಕ ಕಂಡರು, ದಶಮಾಂಶವನ್ನು ಹಣದಿಂದ ಕಲಿತರೋ ಅಳತೆಪಟ್ಟಿಯಿಂದಲೋ ಎಂಬುದು ಅಲ್ಲಿದೆ. ಪ್ರೌಢಶಾಲೆಯ ಗಣಿತ, ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಆಧರಿಸಿರುವುದರಿಂದ, ಆ ಸಂಸ್ಥೆ ಹೊರತಂದಿರುವ ಮಾದರಿ ಸಮಸ್ಯೆಗಳ ಪುಸ್ತಕಗಳೂ ಪ್ರಯೋಗಾಲಯ ಕೈಪಿಡಿಗಳೂ ಇಲ್ಲಿನ ಪಾಠಗಳಿಗೆ ಹೊಂದುತ್ತವೆ. ಅವು ಇಂಗ್ಲಿಷ್, ಹಿಂದಿಯಲ್ಲಿವೆ ಎಂಬುದೊಂದೇ ಅಡ್ಡಿ. ಲೆಕ್ಕಕ್ಕೆ ಅಷ್ಟು ದೊಡ್ಡ ಅಡ್ಡಿಯೇನಲ್ಲ.

ಪಠ್ಯಪುಸ್ತಕದಿಂದ ಒಂದು ಹೆಜ್ಜೆ ಆಚೆ ಬಂದರೆ ವಿಶ್ವಕೋಶಗಳು. ಮಕ್ಕಳ ವಿಶ್ವಕೋಶದ ವಿಷಯದಲ್ಲಿ ಕನ್ನಡದ ಆಸ್ತಿ ಸಣ್ಣದಲ್ಲ. ಶಿವರಾಮ ಕಾರಂತರ ಮೂರು ಸಂಪುಟಗಳ ‘ಬಾಲಪ್ರಪಂಚ’ 1936ರ ಕಾಲದ್ದು. ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದು, ಮುಂದೆ ಹದಿನಾಲ್ಕು ಸಂಪುಟಗಳಾಯಿತು. ಅದರ ಬರಹಗಳನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಈಗ ಕನ್ನಡ ವಿಕಿಸೋರ್ಸ್‌ನಲ್ಲಿ ಅವನ್ನು ಓದಬಹುದು, ನಕಲಿಸಿಕೊಳ್ಳಬಹುದು.

ಹಳೆಯ ವಿಶ್ವಕೋಶ ತರಗತಿಗೆ ತಂದಾಗ ಎರಡು ಎಚ್ಚರಗಳು ಬೇಕು. ಒಂದು, ಸಂಗತಿ ಹಳತಾಗಿರುವುದು. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊವನ್ನು ಕುಬ್ಜಗ್ರಹವೆಂದು ವರ್ಗೀಕರಿಸಿದ ಮೇಲೂ ಅದಕ್ಕೆ ಹಿಂದಿನ ಪುಸ್ತಕಗಳೆಲ್ಲ ಒಂಬತ್ತು ಗ್ರಹಗಳನ್ನೇ ಹೇಳುತ್ತಿವೆ. ಇನ್ನೊಂದು, ಪರಿಭಾಷೆ. ಹಳೆಯ ಪುಸ್ತಕದಲ್ಲಿ ಆಮ್ಲಜನಕ, ಜಲಜನಕ ಎಂದಿರುತ್ತದೆ. ಮಕ್ಕಳ ಪುಸ್ತಕದಲ್ಲಿ ಆಕ್ಸಿಜನ್, ಹೈಡ್ರೋಜನ್. ಇದನ್ನು ತೊಡಕೆಂದು ಬದಿಗೊತ್ತುವ ಬದಲು ಐದು ನಿಮಿಷ ಅಲ್ಲೇ ನಿಂತರೆ ಒಳ್ಳೆಯ ರಸಾಯನಶಾಸ್ತ್ರದ ಪಾಠವೇ ಸಿಗುತ್ತದೆ. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಮೂಲವೆಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲವಾಸಿಯೆ ನಂಬಿದ್ದ. ಗ್ರೀಕಿನಿಂದ ಅವನು ಕಟ್ಟಿದ ಹೆಸರಿನ ಅರ್ಥವೂ ಅದೇ, ಕನ್ನಡದ ‘ಆಮ್ಲಜನಕ’ ಅದರ ನೇರ ರೂಪ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲವೆಂಬುದು ಮುಂದೆ ಹಂಫ್ರಿ ಡೇವಿಯ ಕೆಲಸದಿಂದ ಗೊತ್ತಾಯಿತು. ಊಹೆ ಬಿದ್ದುಹೋಯಿತು, ಹೆಸರು ಉಳಿಯಿತು. ಹತ್ತನೆಯ ತರಗತಿಯ ಮಕ್ಕಳು ಎಚ್‌ಸಿಎಲ್ ಎಂಬ ಸೂತ್ರವನ್ನು ಕರಿಹಲಗೆಯ ಮೇಲೆ ನೋಡಿ ತಾವೇ ಆ ತಪ್ಪನ್ನು ಹಿಡಿಯಬಲ್ಲರು.

ನಿಯತಕಾಲಿಕಗಳಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಮೊದಲು ಹೆಸರಿಸಬೇಕು. ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥ ಬರಹಗಾರರ ಆಸರೆಯಲ್ಲಿ ಬೆಳೆದ ಈ ಪತ್ರಿಕೆಯ ಹಳೆಯ ಸಂಚಿಕೆಗಳು ಶಾಲೆಯ ಅಟ್ಟದಲ್ಲಿ ಕಟ್ಟಾಗಿ ಬಿದ್ದಿದ್ದರೆ ಕೆಳಗಿಳಿಸಬೇಕು. ಧಾರವಾಡದಿಂದ ಹೊರಡುವ ‘ಜೀವನ ಶಿಕ್ಷಣ’ ಶಿಕ್ಷಕರಿಗೆಂದೇ ಇರುವ ಪತ್ರಿಕೆ. ಅದರ ವಂಶ ಹತ್ತೊಂಬತ್ತನೆಯ ಶತಮಾನದ ಮಠಪತ್ರಿಕೆಯವರೆಗೆ ಹೋಗುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಲರ್ನಿಂಗ್ ಕರ್ವ್’ ಕನ್ನಡದಲ್ಲೂ ಬರುತ್ತದೆ. ಅದೇ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ ತಾಣದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಬರಹಗಳು ಕನ್ನಡ, ಹಿಂದಿಗಳಲ್ಲಿ ಉಚಿತವಾಗಿವೆ. ಶಿಕ್ಷಕರ ಸ್ವಂತ ಓದಿಗೆ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ, ವಿ. ಗಾಯತ್ರಿ ಅನುವಾದಿಸಿದ ‘ತೊತ್ತೋ-ಚಾನ್’, ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಎರಡೂ ಸಣ್ಣ ಪುಸ್ತಕಗಳು. ತರಬೇತಿಗಳಲ್ಲಿ ಕೊಡುವ ದಪ್ಪ ಮಾಡ್ಯೂಲುಗಳಿಗಿಂತ ಇವನ್ನು ಶಿಕ್ಷಕರು ಕೊನೆಯವರೆಗೆ ಓದುವ ಸಾಧ್ಯತೆ ಹೆಚ್ಚು.

ವಿಜ್ಞಾನದ ಕೈಕೆಲಸದ ಪುಸ್ತಕಗಳಿಗೆ ಬೇರೆಯದೇ ಇತಿಹಾಸವಿದೆ. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳನ್ನೂ ಪ್ರಯೋಗಾಲಯಗಳನ್ನೂ ಕಳೆದುಕೊಂಡ ದೇಶಗಳ ಶಿಕ್ಷಕರಿಗಾಗಿ ಯುನೆಸ್ಕೊ 1948ರಲ್ಲಿ ಒಂದು ಕೈಪಿಡಿ ತಂದಿತು. ಅದು ಬೆಳೆದು 1956ರಲ್ಲಿ ವಿಜ್ಞಾನ ಬೋಧನೆಯ ಆಕರಗ್ರಂಥವಾಯಿತು. ಕೊಂಡ ಉಪಕರಣವಿಲ್ಲದೆ, ಡಬ್ಬ, ಬಾಟಲಿ, ತಂತಿಗಳಿಂದ ಪ್ರಯೋಗ ಮಾಡಿಸುವ ಪುಸ್ತಕ ಅದು. ಭಾರತದಲ್ಲಿ ಆ ದಾರಿಯ ದೊಡ್ಡ ಪ್ರಯತ್ನ 1972ರಲ್ಲಿ ಮಧ್ಯಪ್ರದೇಶದಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ. ಕಾನ್ಪುರ ಐಐಟಿಯಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತಾ 1978ರಲ್ಲಿ ಅಲ್ಲಿಗೆ ಬಂದು, ಹಳ್ಳಿಯ ಸಂತೆಯಲ್ಲಿ ಸಿಗುವ ವಸ್ತುಗಳಿಂದ ಆಟಿಕೆ ಮಾಡತೊಡಗಿದರು. ಅವರ ತಾಣದಲ್ಲಿ ಪುಸ್ತಕಗಳೂ ಚಿಕ್ಕ ವಿಡಿಯೊಗಳೂ ಉಚಿತವಾಗಿವೆ. ಕನ್ನಡದ ಪುಸ್ತಕಗಳೂ ಅಲ್ಲಿವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅವರ ಬೆಂಕಿಕಡ್ಡಿ ಮಾದರಿಯೊಂದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಬೇಕಾದದ್ದು ಒಂದು ಬೆಂಕಿಪೊಟ್ಟಣ, ಸೈಕಲ್ ಅಂಗಡಿಯಿಂದ ತಂದ ಒಂದು ಗೇಣು ವಾಲ್ವ್ ಟ್ಯೂಬು. ಕಡ್ಡಿಗಳ ಮದ್ದನ್ನು ಬ್ಲೇಡಿನಿಂದ ಮೊದಲೇ ಕೆರೆದು ತೆಗೆಯಬೇಕು. ಈ ಕೆಲಸ ಶಿಕ್ಷಕರದೇ, ಮಕ್ಕಳದ್ದಲ್ಲ. ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಒಂದು ತುಂಡಿನ ಎರಡೂ ಬಾಯಿಗೆ ಒಂದೊಂದು ಕಡ್ಡಿ ತುರುಕಿದರೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ, ಮೂರು ಕೀಲು ಸೇರಿದರೆ ತ್ರಿಭುಜ. ಬೆರಳಿನಿಂದ ಒತ್ತಿದರೂ ಅದು ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಮೂಲೆಗೊತ್ತಿದ ಕೂಡಲೇ ವಜ್ರಾಕೃತಿಯಾಗಿ ವಾಲುತ್ತದೆ. ಚೌಕವನ್ನು ಗಟ್ಟಿ ಮಾಡಲು ಏನು ಮಾಡಬೇಕೆಂದು ಕೇಳಿದರೆ ಯಾರಾದರೊಬ್ಬ ಹುಡುಗಿ ಮೂಲೆಯಿಂದ ಮೂಲೆಗೆ ಕಡ್ಡಿ ಕೊಡೋಣ ಎನ್ನುತ್ತಾಳೆ. ಕೀಲಿನ ಮಧ್ಯಕ್ಕೆ ಜಾಲಿ ಮುಳ್ಳಿನಿಂದ ತೂತು ಮಾಡಿ ಮೂರನೆಯ ಕಡ್ಡಿ ಚುಚ್ಚಲು ಹೋದಾಗ ಹೊಸ ಸಮಸ್ಯೆ ಎದುರಾಗುತ್ತದೆ: ಕಡ್ಡಿ ಗಿಡ್ಡ. ಬಾಹು ಒಂದು ಕಡ್ಡಿಯಾದರೆ ಕರ್ಣಕ್ಕೆ ಸುಮಾರು 1.41 ಕಡ್ಡಿ ಬೇಕು. ಹಟ ಹಿಡಿದು ಒಂದೇ ಕಡ್ಡಿ ಕೂಡಿಸಿದರೆ ಚೌಕ ಚೌಕವಾಗಿ ಉಳಿಯದೆ ಎರಡು ಸಮಬಾಹು ತ್ರಿಭುಜಗಳ ಜೋಡಿಯಾಗುತ್ತದೆ, ಆದರೆ ಗಟ್ಟಿಯಾಗುತ್ತದೆ. ಐದನೆಯ ತರಗತಿಗೆ ಇದು ಆಕೃತಿಗಳ ಪಾಠ, ಹತ್ತನೆಯದಕ್ಕೆ ಪೈಥಾಗೊರಸ್ ಮತ್ತು ಕರಣಿ. ಹೆಂಚಿನ ಮಾಡಿನ ಕೆಳಗೆ, ರೈಲು ಸೇತುವೆಯಲ್ಲಿ ತ್ರಿಭುಜಗಳೇ ಏಕೆ ಕಾಣುತ್ತವೆ ಎಂಬುದಕ್ಕೂ ಉತ್ತರ ಇದರಲ್ಲಿದೆ. ಇಷ್ಟಕ್ಕೆ ಖರ್ಚು ಒಂದು ಚಹಾದಷ್ಟು.

ಇನ್ನು ಎರಡನೆಯ ವಿಷಯ, ಜಾಲದ ಭಂಡಾರಗಳು. ಸರ್ಕಾರದ ಕಡೆಯಿಂದ ಬಂದವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ದೀಕ್ಷಾ. 2017ರ ಶಿಕ್ಷಕರ ದಿನದಂದು ಅದು ಶುರುವಾಯಿತು. ಪಠ್ಯಪುಸ್ತಕದ ಕ್ಯೂಆರ್ ಚೌಕ ಕರೆದೊಯ್ಯುವುದು ಇಲ್ಲಿಗೇ. ಅಚ್ಚು ಮಸುಕಾಗಿಯೋ ಮೊಬೈಲಿನ ಕ್ಯಾಮೆರಾ ಕೆಟ್ಟೋ ಸ್ಕ್ಯಾನ್ ಆಗದಿದ್ದರೆ, ಚೌಕದ ಬಳಿ ಅಚ್ಚಾಗಿರುವ ಆರು ಅಕ್ಷರ-ಅಂಕಿಗಳ ಸಂಕೇತವನ್ನು ಟೈಪ್ ಮಾಡಿದರೂ ಸಾಕು ಎಂಬುದು ಬಹಳ ಶಿಕ್ಷಕರ ಗಮನಕ್ಕೆ ಬಂದಿಲ್ಲ. ಪಾಠಗಳನ್ನು ನೆಟ್‌ವರ್ಕ್ ಇರುವ ಕಡೆ ಇಳಿಸಿಟ್ಟುಕೊಂಡು ಶಾಲೆಯಲ್ಲಿ ಇಂಟರ್‌ನೆಟ್ ಇಲ್ಲದೆ ತೋರಿಸಬಹುದು. ದೀಕ್ಷಾದ ವಿಡಿಯೊಗಳ ಗುಣಮಟ್ಟ ಒಂದೇ ಸಮ ಇಲ್ಲ. ಕೆಲವು ಪಾಠವನ್ನೇ ಗಟ್ಟಿಯಾಗಿ ಓದಿದಂತಿವೆ; ಕೆಲವು, ವಿಶೇಷವಾಗಿ ಜೀವಕೋಶ ವಿಭಜನೆ, ಗ್ರಹಣದಂಥ ಚಲನೆಯ ವಿಷಯದವು, ಕರಿಹಲಗೆಯ ಕೈಯಲ್ಲಾಗದ್ದನ್ನು ಮಾಡುತ್ತವೆ. ಹಿಂದಿನ ರಾತ್ರಿ ಪೂರ್ತಿ ನೋಡಿ, ಬೇಕಾದ ಮೂರು ನಿಮಿಷವನ್ನು ಗುರುತು ಹಾಕಿಕೊಂಡು ಬಂದರೆ ಸಾಕು. ಇಡೀ ವಿಡಿಯೊ ಹಾಕಿ ಹಿಂದಿನ ಬೆಂಚಿನ ಮೇಲೆ ಕೂರುವುದರಿಂದ ಏನೂ ಆಗದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನದಲ್ಲಿ ಬಂದ ‘ಸಂವೇದ’ ಪಾಠಗಳಿಗೂ ಈ ಮಾತು ಹೊಂದುತ್ತದೆ.

ಕರ್ನಾಟಕದ್ದೇ ಆದ ಇನ್ನೊಂದು ಪ್ರಯತ್ನ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’, ಕೋಯರ್ ಎಂದು ಶಿಕ್ಷಕರ ಬಾಯಲ್ಲಿರುವುದು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಕಟ್ಟಿದ ಈ ತಾಣ ವಿಕಿಪೀಡಿಯದ ತಂತ್ರಾಂಶದ ಮೇಲೆಯೇ ನಿಂತಿದೆ. ವಿಷಯ ಶಿಕ್ಷಕರ ವೇದಿಕೆಗಳಲ್ಲಿ ಸೇರಿದ ಪ್ರೌಢಶಾಲಾ ಶಿಕ್ಷಕರು ಪರಿಕಲ್ಪನಾ ನಕ್ಷೆ, ಚಟುವಟಿಕೆ, ಜಿಯೋಜಿಬ್ರಾ ಕಡತಗಳನ್ನು ಇದಕ್ಕೆ ಸೇರಿಸಿದ್ದಾರೆ. ಪುಟಗಳು ಕೆಲವು ಕಡೆ ಅರ್ಧಕ್ಕೇ ನಿಂತಿವೆ. ವಿಕಿ ಆಗಿರುವುದರಿಂದ ಅವನ್ನು ಮುಂದುವರಿಸಲೂಬಹುದು.

ಕಥೆಗಳಿಗೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಇದೆ. 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನ, ಅದು ಆರಂಭವಾಯಿತು. ಕಥೆಗಳನ್ನು ನಾಲ್ಕು ಓದಿನ ಮಟ್ಟಗಳಲ್ಲಿ ಜೋಡಿಸಿದ್ದಾರೆ. ಒಂದನೆಯ ಮಟ್ಟದಲ್ಲಿ ಪುಟಕ್ಕೊಂದು ವಾಕ್ಯ, ನಾಲ್ಕನೆಯದರಲ್ಲಿ ತುಂಬು ಕಥೆ. ಚಿತ್ರ ಉಳಿಸಿಕೊಂಡು ಮಾತು ಬದಲಿಸಿ ಹೊಸ ಆವೃತ್ತಿ ಮಾಡಿಕೊಳ್ಳಲು ತಾಣದಲ್ಲೇ ಅನುಕೂಲವಿದೆ. ಗಡಿಭಾಗದ ಶಾಲೆಗಳಿಗೆ ಇದರಿಂದ ಆಗುವ ಲಾಭವನ್ನು ಪ್ರತ್ಯೇಕವಾಗಿ ಹೇಳಬೇಕು. ಪಾವಗಡದ ಕಡೆ ಮಕ್ಕಳ ಮನೆಮಾತು ತೆಲುಗು, ಬೆಳಗಾವಿಯ ಕೆಲವು ಊರುಗಳಲ್ಲಿ ಮರಾಠಿ, ಬೀದರದ ಕೆಲವು ಮನೆಗಳಲ್ಲಿ ಉರ್ದು. ಒಂದೇ ಕಥೆ, ಒಂದೇ ಚಿತ್ರಗಳು ಈ ಭಾಷೆಗಳಲ್ಲೂ ಕನ್ನಡದಲ್ಲೂ ಸಿಕ್ಕಾಗ, ಮಗು ಮನೆಮಾತಿನಲ್ಲಿ ಕಥೆಯನ್ನು ಮೊದಲು ಹಿಡಿದು ಆಮೇಲೆ ಕನ್ನಡದ ಸಾಲುಗಳಿಗೆ ಬರುತ್ತದೆ. ಅರ್ಥ ಗೊತ್ತಿರುವ ವಾಕ್ಯವನ್ನು ಓದಲು ಕಲಿಯುವುದೇ ಬೇರೆ, ಅರ್ಥವಿಲ್ಲದ ಅಕ್ಷರಗಳನ್ನು ಕೂಡಿಸುವುದೇ ಬೇರೆ.

ವಿಜ್ಞಾನ ಶಿಕ್ಷಕರಿಗೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಅನುಕರಣೆಗಳು ದೊಡ್ಡ ಆಸರೆ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಯೋಜನೆ ಇದು. ಹಲವು ಅನುಕರಣೆಗಳು ಕನ್ನಡದಲ್ಲೂ ಇವೆ, ಇಳಿಸಿಕೊಂಡು ನೆಟ್ ಇಲ್ಲದೆಯೂ ನಡೆಸಬಹುದು. ವಿದ್ಯುನ್ಮಂಡಲ ಕಟ್ಟುವ ಅನುಕರಣೆಯನ್ನೇ ತೆಗೆದುಕೊಳ್ಳಬಹುದು. ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ಜೋಡಿಸಿದರೆ ಬಲ್ಬು ಹೊತ್ತಿಕೊಳ್ಳುತ್ತದೆ. ಸರಣಿಯಲ್ಲಿ ಎರಡನೆಯ ಬಲ್ಬು ಸೇರಿಸಿದಾಗ ಎರಡೂ ಮಂಕಾಗುತ್ತವೆ, ಸಮಾಂತರದಲ್ಲಿ ಸೇರಿಸಿದರೆ ಮಂಕಾಗುವುದಿಲ್ಲ. ಓಮ್ ನಿಯಮದ ಲೆಕ್ಕಕ್ಕೆ ಮೊದಲು ಮಕ್ಕಳು ಇದನ್ನು ಕಣ್ಣಾರೆ ಕಾಣುವುದು ಒಳ್ಳೆಯದು. ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಸಾಲುಗಟ್ಟಿ ಸರಿಯುತ್ತವೆ. ಜಾರುವ ಜಾಗವೂ ಇದೇ: ಬ್ಯಾಟರಿಯಿಂದ ಹೊರಟ ಚುಕ್ಕೆ ಬಲ್ಬನ್ನು ತಲುಪಿದ ಮೇಲೆ ಬೆಳಕು ಬರುತ್ತದೆ ಎಂದು ಮಕ್ಕಳು ತಿಳಿದುಬಿಡುತ್ತಾರೆ. ನಿಜವಾದ ತಂತಿಯಲ್ಲಿ ಎಲೆಕ್ಟ್ರಾನುಗಳ ಒಟ್ಟು ಸರಿದಾಟ ಸೆಕೆಂಡಿಗೆ ಮಿಲಿಮೀಟರಿಗಿಂತಲೂ ಕಡಿಮೆ. ಸ್ವಿಚ್ ಹಾಕಿದಾಗ ತಂತಿಯುದ್ದಕ್ಕೂ ಮೊದಲೇ ಇರುವ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಒಟ್ಟಿಗೇ ಚಲಿಸತೊಡಗುತ್ತವೆ. ಅನುಕರಣೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶಿಕ್ಷಕರು ಹೇಳಬೇಕು. ಆಮೇಲೆ ಒಂದು ಟಾರ್ಚ್ ಸೆಲ್ಲು, ಒಂದು ಬಲ್ಬು, ಒಂದು ತುಂಡು ತಂತಿ ಮಕ್ಕಳ ಕೈಗೂ ಬರಬೇಕು.

ಪದಗಳ ಆಕರಗಳ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. ಜಿ. ವೆಂಕಟಸುಬ್ಬಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಲೆಗೆ ಸಿಗದಿದ್ದರೂ ತಾಲ್ಲೂಕಿನ ಗ್ರಂಥಾಲಯದಲ್ಲಿ ಸಿಕ್ಕೀತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ಕೋಶ ‘ಅಲರ್’ 2019ರಲ್ಲಿ ಜಾಲಕ್ಕೆ ಬಂತು. ಮುಕ್ತ ಪರವಾನಗಿಯ ಆ ಕೋಶದಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ತೆರೆದ ‘ಭಾರತವಾಣಿ’ಯಲ್ಲಿ ಹಲವು ನಿಘಂಟುಗಳೂ ಪರಿಭಾಷಾ ಕೋಶಗಳೂ ಒಂದೆಡೆ ಇವೆ. ವಚನ ಕಲಿಸುವವರಿಗೆ ‘ವಚನ ಸಂಚಯ’ ತಾಣ: ‘ಕಾಯಕ’ ಎಂಬ ಪದ ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ಹುಡುಕಿದರೆ ಒಂದು ಪೀರಿಯಡ್ಡಿನ ಚರ್ಚೆಗೆ ಸಾಲುವಷ್ಟು ಸಾಮಗ್ರಿ ಬರುತ್ತದೆ. ಕರ್ನಾಟಕ ಜ್ಞಾನ ಆಯೋಗದ ಶಿಫಾರಸಿನಿಂದ ಹುಟ್ಟಿದ ‘ಕಣಜ’ವೂ ಈ ಸಾಲಿನದು.

ಮೂರನೆಯ ವಿಷಯಕ್ಕೆ ಬಂದರೆ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಮೇಲೆ ಹೇಳಿದ ತಾಣಗಳಲ್ಲಿ ಸಿಗುವುದು ಕಡಿಮೆ. ಅವರ ಆಕರ ಊರಿನಲ್ಲೇ ಇದೆ. ಶಾಲೆಯ ಗೋಡೆಗೆ ಆನಿಸಿಟ್ಟ ಹಳೆಯ ಕರ್ನಾಟಕ ನಕ್ಷೆಯಿಂದಲೇ ಶುರು ಮಾಡಬಹುದು. 1997ಕ್ಕಿಂತ ತುಸು ಹಿಂದಿನದಾದರೆ ಅದರಲ್ಲಿ 20 ಜಿಲ್ಲೆಗಳಿರುತ್ತವೆ. ಉಡುಪಿ ದಕ್ಷಿಣ ಕನ್ನಡದೊಳಗೆ, ಗದಗ ಮತ್ತು ಹಾವೇರಿ ಧಾರವಾಡದೊಳಗೆ, ಚಾಮರಾಜನಗರ ಮೈಸೂರಿನೊಳಗೆ. ಆ ವರ್ಷ ಏಳು ಹೊಸ ಜಿಲ್ಲೆಗಳಾಗಿ ಸಂಖ್ಯೆ 27ಕ್ಕೆ ಏರಿತು. 2007ರಲ್ಲಿ ಚಿಕ್ಕಬಳ್ಳಾಪುರ ಮತ್ತು ರಾಮನಗರ, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ ಸೇರಿ 31 ಆಯಿತು. ಹಳತಾಯಿತೆಂದು ಗುಜರಿಗೆ ಹಾಕುವ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು ಹೊಸ ಗೆರೆಗಳನ್ನು ಎಳೆಯಿಸಿದರೆ, ಜಿಲ್ಲೆಯೆಂಬುದು ನದಿಯಂತೆ ತಾನಾಗಿ ಇದ್ದದ್ದಲ್ಲ, ಆಡಳಿತ ಎಳೆದ ಗೆರೆ ಎಂಬುದು ಬಾಯಿಪಾಠವಿಲ್ಲದೆ ತಿಳಿಯುತ್ತದೆ.

ಇನ್ನೊಂದು ಆಕರ ಶಾಸನ ಸಂಪುಟಗಳು. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳಿವೆ. ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಅವನ್ನು ಜೋಡಿಸಿದ್ದಾರೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಇವೆ. ಹಳೆಯ ಸಂಪುಟಗಳನ್ನು ಇಂಟರ್‌ನೆಟ್ ಆರ್ಕೈವ್ ತಾಣದಿಂದ ಇಳಿಸಿಕೊಳ್ಳಬಹುದು. ತಾಲ್ಲೂಕಿನ ಹೆಸರಿನಡಿ ತಮ್ಮ ಊರಿನ ಹೆಸರು ಹುಡುಕಿ, ಕೆರೆ ಏರಿಯ ಮೇಲೋ ಗುಡಿಯ ಪಕ್ಕದಲ್ಲೋ ಇರುವ ವೀರಗಲ್ಲಿನ ಪಾಠ ಓದಿದ ಮಕ್ಕಳಿಗೆ ಗಂಗರು, ಹೊಯ್ಸಳರು ಪರೀಕ್ಷೆಯ ಹೆಸರುಗಳಾಗಿ ಉಳಿಯುವುದಿಲ್ಲ. ತುರು ಕಾಯಲು ಹೋಗಿ ಸತ್ತವನ ಹೆಸರು, ಅವನ ಮನೆಯವರಿಗೆ ಬಿಟ್ಟ ಗದ್ದೆಯ ಅಳತೆ ಅಲ್ಲಿರುತ್ತದೆ. ರೈಸ್ ಕಂಡದ್ದೇ ಕೊನೆಯಲ್ಲ: ಕನ್ನಡದ ಅತಿ ಪ್ರಸಿದ್ಧ ಶಾಸನಗಳಲ್ಲೊಂದಾದ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರವೂ ಪರದೆಯ ಮೇಲೆ ಎದ್ದು ಬರುತ್ತದೆ.

ಕೊನೆಯ ವಿಷಯ, ಶಿಕ್ಷಕರು ತಾವೇ ಮಾಡುವ ಸಾಮಗ್ರಿ. ಇದಕ್ಕೆ ರಾಜ್ಯದಲ್ಲಿ ಒಳ್ಳೆಯ ಪೂರ್ವೋದಾಹರಣೆ ನಲಿಕಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ನಡೆಯುತ್ತಿದ್ದ ಕಲಿಕೆಯನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ, ಯುನಿಸೆಫ್ ನೆರವಿನಿಂದ, ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಬರೆದರು. ಕಾಡಂಚಿನ ಆ ತಾಲ್ಲೂಕಿನ ಮಕ್ಕಳಿಗೆ ಗೊತ್ತಿದ್ದ ಹಾಡು, ಪ್ರಾಣಿ, ಹಣ್ಣು ಅವುಗಳೊಳಗೆ ಬಂದವು. ಕಲಿಕಾ ಏಣಿಯಲ್ಲಿ ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಚಿಹ್ನೆ ನೋಡಿ ಕಾರ್ಡು ತೆಗೆದು, ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುವ ವಿಧಾನ ಅಲ್ಲಿಂದ ಬೆಳೆಯಿತು. 2009ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ಹರಡಿತು. ರಾಜ್ಯಕ್ಕೆಲ್ಲ ಒಂದೇ ಅಚ್ಚಿನ ಕಾರ್ಡು ಬಂದಾಗ ಶಿಕ್ಷಕರೇ ಬರೆದದ್ದೆಂಬ ಗುಣ ಸಹಜವಾಗಿ ತೆಳುವಾಯಿತು. ಆದರೂ ಖಾಲಿ ಕಾರ್ಡಿನ ಮೇಲೆ ತಮ್ಮೂರಿನ ಮಾತು ಬರೆದು ಸೇರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ತಯಾರಿಸಿದ್ದನ್ನು ಹಂಚುವಾಗ ಹಕ್ಕುಸ್ವಾಮ್ಯದ ಪ್ರಶ್ನೆ ಬರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೋ ವಿದ್ಯಾರ್ಥಿಗಳೋ ಕೃತಿಯ ಪ್ರತಿ ಮಾಡಿಕೊಳ್ಳುವುದಕ್ಕೆ ವಿನಾಯಿತಿ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಆ ವಿನಾಯಿತಿಯನ್ನು ಉದಾರವಾಗಿಯೇ ಅರ್ಥೈಸಿತು. ತರಗತಿಗೆ ನಾಲ್ಕು ಪುಟ ಜೆರಾಕ್ಸ್ ಮಾಡಿಸುವುದೂ ಇಡೀ ಪುಸ್ತಕದ ಪಿಡಿಎಫ್ಫನ್ನು ಸಾವಿರ ಜನರ ಗುಂಪಿಗೆ ಕಳಿಸುವುದೂ ಒಂದೇ ಅಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ 1997ರಲ್ಲಿ ತೀರಿಕೊಂಡ ಕಾರಂತರ ಪುಸ್ತಕಗಳಿಗೆ ಇನ್ನೂ ಹಕ್ಕಿದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ಬರೆದು ಪ್ರಕಟಿಸಿದ ಮಕ್ಕಳ ಪದ್ಯ, ಕಥೆಗಳಿಗಿಲ್ಲ. ಶಿಕ್ಷಕರೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಪಂಜೆಯವರ ಬರಹಗಳನ್ನು ಯಾವ ಶಾಲೆಯಾದರೂ ಅಚ್ಚು ಹಾಕಬಹುದು, ಧ್ವನಿಮುದ್ರಿಸಬಹುದು. ಹೊಸ ಮುದ್ರಣದಲ್ಲಿ ಬೇರೆ ಕಲಾವಿದರ ಚಿತ್ರಗಳಿದ್ದರೆ ಅವುಗಳ ಹಕ್ಕು ಮಾತ್ರ ಬೇರೆ. ಸ್ಟೋರಿವೀವರ್‌ನಂಥ ತಾಣಗಳು ಬಳಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬದಲಿಸುವುದಕ್ಕೂ ಅನುಮತಿ ಉಂಟು, ಬರೆದವರ, ಚಿತ್ರ ಬಿಡಿಸಿದವರ, ಪ್ರಕಾಶಕರ ಹೆಸರು ಉಳಿಸಬೇಕೆಂಬುದೇ ಷರತ್ತು. ವಾಟ್ಸಾಪಿನಲ್ಲಿ ಓಡಾಡುವ ಕಡತಗಳಲ್ಲಿ ಮೊದಲು ಕಾಣೆಯಾಗುವುದು ಈ ಹೆಸರುಗಳೇ.

ಹಂಚಿಕೆಗೆ ಇನ್ನೊಂದು ಅಡ್ಡಿ ಲಿಪಿಯದು. ಎರಡು ದಶಕಗಳಿಂದ ಶಾಲೆಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಾವಿರಾರು ಪ್ರಶ್ನೆಪತ್ರಿಕೆ, ಪಾಠಯೋಜನೆ, ಘಟಕ ಪರೀಕ್ಷೆಗಳು ತಯಾರಾಗಿವೆ. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ನಕಲಿಸಿದರೆ ಬರುವುದಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಇವೆ; ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಗಣಿತದ ಚಿಹ್ನೆಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು, ತಪ್ಪುಗಳು ಅಡಗುವುದು ಅಲ್ಲಿಯೇ. ಫೋಟೊ ತೆಗೆದು ಕಳಿಸಿದ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬರು ನೋಡಬಹುದು, ತಿದ್ದಲಾರರು. ಕ್ಲಸ್ಟರಿನ ಸಮಾಲೋಚನಾ ಸಭೆಗೆ ಒಬ್ಬ ಶಿಕ್ಷಕಿ ತರುವ ಕಡತ ಮುಂದಿನ ಶಾಲೆಗೆ ನಿಜವಾಗಿ ಉಪಯೋಗವಾಗಬೇಕಾದರೆ ಅದು ತಿದ್ದಲು ಬರುವ ರೂಪದಲ್ಲಿ, ಯೂನಿಕೋಡಿನಲ್ಲಿ ಇರಬೇಕು. ಅಡಿಯಲ್ಲಿ ತರಗತಿ, ವಿಷಯ, ಪಾಠದ ಹೆಸರು, ಪಠ್ಯಪುಸ್ತಕದ ವರ್ಷ, ಚಿತ್ರ ಎಲ್ಲಿಂದ ತಂದದ್ದು, ಯಾರು ಯಾವ ತಿಂಗಳು ತಯಾರಿಸಿದ್ದು ಎಂಬ ಎರಡು ಸಾಲೂ ಇರಬೇಕು. ಪಠ್ಯಪುಸ್ತಕದ ವರ್ಷವನ್ನು ಬಿಡುವಂತಿಲ್ಲ. ಪರಿಷ್ಕರಣೆಯಾದಾಗ ಪಾಠದ ಕ್ರಮಸಂಖ್ಯೆ ಬದಲಾಗುತ್ತದೆ, ಕೆಲವು ಪಾಠಗಳೇ ಬಿಟ್ಟುಹೋಗುತ್ತವೆ, ‘ಏಳನೆಯ ಪಾಠ’ ಎಂದಷ್ಟೇ ಬರೆದ ಕಡತ ಯಾವುದಕ್ಕೆ ಸೇರಿದ್ದೆಂದು ಆಮೇಲೆ ಬರೆದವರಿಗೂ ಗೊತ್ತಾಗುವುದಿಲ್ಲ.